ಏಣಿ ಹಿಡಿದವನು

ಚಿತ್ತಾ ಮಳೆಯ ಕೊನೆಯ ಪಾದ. ಸ್ವಾತಿ ಹುಟ್ಟಲು ಮೂರು ದಿನ.
ನಮ್ಮ ಓಣಿಗೆ ಇರುವುದು ಒಂದೇ ಏಣಿ,
ಅದು ಈ ವಾರ ಹನ್ನೊಂದು ಮನೆ ತಿರುಗಬೇಕು.
ದಾದಾಪೀರನ ಮಂಡಕ್ಕಿ ಭಟ್ಟಿಯದು.
ಎರಡನೇ ಮೆಟ್ಟಿಲು ಮುರಿದು ಹಗ್ಗ ಬಿಗಿದಿದ್ದಾರೆ.
ಬಾಡಿಗೆಯಿಲ್ಲ; ತಿರುಗಿ ಕೊಡುವಾಗ
ಒಂದು ಮಾತು ಕೇಳಿಸಿಕೊಳ್ಳಬೇಕು, ಅಷ್ಟೇ:
‘ಎಷ್ಟು ಸಿಕ್ತು ಟೇಲರ್, ನಮ್ಮ ಬೂದಿ?’

ಬೂದಿಯೇ ಸಿಗುವುದು.
ನಸುಕಿಗೇ ಭಟ್ಟಿ ಉಗುಳುವ ಹೊಟ್ಟಿನ ಕರಿ
ವರ್ಷವಿಡೀ ಹಂಚಿನ ಮೇಲೆ ಇಳಿದು
ಜಾರಿ ತಗಡಿನ ದೋಣಿ ಸೇರುತ್ತದೆ,
ಮಳೆಗೆ ನೆನೆದು, ಬಿಸಿಲಿಗೆ ಬಿಗಿದು
ಗಾಣದ ಹಿಂಡಿಯ ಹಾಗೆ ಗಟ್ಟಿಯಾಗುತ್ತದೆ.

ಹೋದ ವರ್ಷ ಬಿಟ್ಟೆವು.
ಸ್ವಾತಿ ನೀರು ದೋಣಿ ತುಂಬಿ ಗೋಡೆಯೊಳಗೆ ಇಳಿಯಿತು.
ಕಾರ್ತಿಕ ಕಳೆದು ಮಾಗಿ ಚಳಿ ಬಂದರೂ
ಗೋಡೆ ಆರಲಿಲ್ಲ, ಮುಟ್ಟಿದರೆ ಹೆಣದ ಹಣೆ.
ಮಂಚವನ್ನು ನಡುಮನೆಗೆ ಎಳೆದು ಮಲಗಿದೆವು.
ಹೊಲಿಗೆ ಮಿಷನ್ನಿನ ಕಾಲಿಗೆ ತುಕ್ಕು.
ಯಾರದೋ ಮದುವೆಯ ಶೇರ್ವಾನಿ ಬಟ್ಟೆಗೆ ಬೂಷ್ಟು,
ಅದರ ದುಡ್ಡು ಇನ್ನೂ ಕಟ್ಟುತ್ತಿದ್ದೇನೆ.

ಈ ಸಲ ನಮ್ಮ ಪಾಳಿ ಮಂಗಳವಾರ ಮಧ್ಯಾಹ್ನ.
ಒಂದು ಸಂಗತಿ ಹೇಳಿಬಿಡಬೇಕು:
ನಾನು ಏಣಿ ಹತ್ತುವವನಲ್ಲ.
ಮೂರನೇ ಮೆಟ್ಟಿಲಿಗೆ ಮಂಡಿ ನೀರಾಗುತ್ತದೆ,
ಕೈಗೆ ಸಿಕ್ಕಿದ್ದನ್ನು ತಬ್ಬಿ ನಿಂತುಬಿಡುತ್ತೇನೆ.
ಮದುವೆಯ ಹೊಸತರಲ್ಲಿ ಇದಕ್ಕೆ
ಸೊಂಟ ನೋವು ಎಂದು ಹೆಸರಿಟ್ಟಿದ್ದೆ.
ಕೊಟ್ರಮ್ಮ ನಂಬಿದಂತೆ ಮಾಡಿದಳು.
ಇಪ್ಪತ್ತಾರು ವರ್ಷದಿಂದ ಹಾಗೇ ಮಾಡುತ್ತಿದ್ದಾಳೆ.

ನೆರಿಗೆ ಎತ್ತಿ ಸಿಕ್ಕಿಸಿದಳು. ಕೈಯಲ್ಲಿ
ಹಿಡಿ ಮುರಿದ ದೋಸೆ ಸಟ್ಟುಗ.
‘ಗಟ್ಟಿ ಹಿಡೀರಿ ಮತ್ತೆ.’
ಹಿಡಿದೆ.
ಏಣಿ ಹಿಡಿದವನಿಗೆ ಕಾಣುವುದು ಎರಡು ಹಿಮ್ಮಡಿ,
ಬಿರುಕಿಗೆ ಸವರಿದ ಅರಿಸಿನ,
ಆಮೇಲೆ ಬರೀ ಆಕಾಶ.

ಬೀಳತೊಡಗಿತು.
ಬೂದಿಯ ಹೆಂಟೆ. ಗಾಳಿಪಟದ ದಾರದ ಸಿಕ್ಕು.
ಪಾರಿವಾಳದ ಪುಕ್ಕ. ಬಣ್ಣ ಹೋದ ಪ್ಲಾಸ್ಟಿಕ್ ಚೆಂಡು.
ಯಾವ ಮಗುವಿನದೋ ಎಡಗಾಲಿನ ಚಪ್ಪಲಿ:
‘ಈ ಅಳತಿ ಕಾಲು ನಮ್ಮ ಓಣ್ಯಾಗೆ ಈಗ ಯಾರಿಗೂ ಇಲ್ಲ’
ಎಂದು ಅದನ್ನು ಮಾತ್ರ ಎಸೆಯದೆ, ಕೈಗೆ ಕೊಟ್ಟಳು.
ಮತ್ತೆ ಸಟ್ಟುಗದ ಸದ್ದು ನಿಂತಿತು.
‘ಏನಾತು?’
‘ಅರಳಿ.’

ಬೆಸುಗೆಯ ಸಂದಿಗೆ ಬೇರಿಳಿಸಿ ನಾಲ್ಕೆಲೆ ಬಿಟ್ಟಿತ್ತು.
ಅರಳಿ ಕೀಳಬಾರದು ಎನ್ನುತ್ತಿದ್ದಳು ಅವ್ವ.
ಬಿಟ್ಟರೆ ಅದು ತಗಡನ್ನು ಬಿಡುವುದಿಲ್ಲ.
‘ನೀವು ಹೇಳ್ರಿ.’
‘ನೀನೇ ನೋಡು.’
‘ನೋಡಾಕತ್ತೇ ಇಷ್ಟೊತ್ತಾತು.’
ದೂರದ ಹಳಿಯಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ಕೂಗಿತು.
ಉಗುರಿನಿಂದ, ಗಾಯದ ಹೊಲಿಗೆ ಬಿಚ್ಚುವವರಂತೆ,
ಒಂದೊಂದೇ ಎಳೆ ಬಿಡಿಸಿದಳು.
ಬೇರು ಹರಿಯಲಿಲ್ಲ. ಸೆರಗಿನ ತುದಿಗೆ ಗಂಟು.

‘ಒಂದು ಕೊಡ ನೀರು ಕೊಡ್ರಿ, ಹರೀತೈತೋ ನೋಡಾನ.’
ಏಣಿಯನ್ನು ಬಿಡದೆ ನೀರು ಕೊಡುವುದು ಹೇಗೆ?
ಕೊಡ ಹೆಗಲಿಗೇರಿಸಿದೆ. ಮೊದಲ ಮೆಟ್ಟಿಲು.
ಹಗ್ಗ ಬಿಗಿದದ್ದು ಕಿರುಗುಟ್ಟಿತು.
ಮೂರಕ್ಕೆ ಕಾಲಿಡಲಿಲ್ಲ, ಕಣ್ಣು ಮುಚ್ಚಿದೆ.
ಮೇಲಿಂದ ಬೂದಿಗೈ ಬಂದು
ಕೊಡದ ಕಂಠ ಹಿಡಿಯಿತು, ಅದರ ಜೊತೆ
ನನ್ನ ಎರಡು ಬೆರಳನ್ನೂ.

ನೀರು ತಗಡಿನುದ್ದ ಓಡಿದ್ದು ಕೇಳಿಸಿತು.
ಮೂಲೆಯ ಕೊಳವೆಯಿಂದ ಮೊದಲು ಕಾಡಿಗೆಯಂಥ ಕಪ್ಪು,
ಆಮೇಲೆ ಹಾಲಿಲ್ಲದ ಚಹಾ,
ಆಮೇಲೆ ನೀರು.
ಅರಳಿ ಇದ್ದ ಕಡೆ ಮಾತ್ರ ಒಂದು ಹನಿ,
ಡಾಂಬರು ಹಚ್ಚಿದರೂ ನಿಲ್ಲದು.
ಕೆಳಗೆ ಖಾಲಿ ಬಣ್ಣದ ಡಬ್ಬಿಯಲ್ಲಿ ಮಣ್ಣು ತುಂಬಿ
ಆ ಸಸಿಯನ್ನೇ ನೆಟ್ಟಳು.
ಕುಡೀಲಿ, ಅದರದೇ ತೂತು.

ಏಣಿ ಒಪ್ಪಿಸಿದೆ. ‘ಎಷ್ಟು ಸಿಕ್ತು?’
‘ಎರಡು ಬುಟ್ಟಿ.’

ರಾತ್ರಿ ಕಿಟಕಿಯಿಂದ ಮೊದಲ ಚಳಿ.
ಮಂಚ ಗೋಡೆಗೇ ಇದೆ. ಅಂಗೈ ಒತ್ತಿ ನೋಡಿದೆ,
ಒಣಗಿದೆ, ಸದ್ಯಕ್ಕೆ.
ನಿದ್ದೆ ಬಂತೆಂದುಕೊಂಡಿದ್ದೆ ಅವಳಿಗೆ.
ಕಂಬಳಿಯೊಳಗಿಂದ ಕೇಳಿದಳು:
‘ಸೊಂಟ ಹೆಂಗೈತಿ?’