ನಾಲ್ಕು ನೂರು ಗ್ರಾಂ

ತೂಗೂ ದಿನ ಅಂದ್ರ ಉಚಗಾಂವದ ಕೂಸುಗಳಿಗೆ ಗೊತ್ತಾಗತೈತಿ,
ಅಂಗನವಾಡಿ ತೊಲಿಗೆ ತಕ್ಕಡಿ ಜೋತುಬಿದ್ದದ್ದು ಕಂಡಕೂಡಲೇ
ಒಬ್ಬಾಕಿ ಅತ್ತರ ಮುಗೀತು, ಹದಿನೇಳೂ ಅಳತಾವ.
ನಾನು ರಿಜಿಸ್ಟರ್ ಹಿಡಕೊಂಡು ಕುಂತಾಕಿ,
ಮಲಪ್ರಭಾ ಚೀಲದಂಥ ಚಡ್ಡಿಯೊಳಗ ಕಾಲು ತೂರಿಸಿ
ಒಂದೊಂದನ್ನೇ ಕೊಕ್ಕಿಗೆ ಸಿಗಸಾಕಿ.

ಯಲ್ಲೂಬಾಯಿ ಮಗಳು ಸಮೃದ್ಧಿ. ಹದಿನಾರು ತಿಂಗಳು.
ಏಳೂವರಿ ಕೇಜಿ.
ಹೆಸರಿಗೂ ಮುಳ್ಳಿಗೂ ಕೂಡಿಬರಲಿಲ್ಲ.
ಹಳದಿ ಪಟ್ಟ್ಯಾಗ ಚುಕ್ಕಿ ಇಟ್ಟೆ, ಮೂರನೇ ಸಲ.
"ಏನ ಉಣಸ್ತಿ?" ಅಂದೆ, ಪೊಲೀಸರ ದನಿಯೊಳಗ.
"ಗೆಣಸ್ರೀ."

"ಬರೇ ಗೆಣಸ?"
"ಮುಂಜಾನೆ ಕುದಿಸಿ, ಸಿಪ್ಪಿ ಸುಲದು, ಕಿವಚಿ,
ಹನಿ ತುಪ್ಪ, ಒಂದಿಷ್ಟು ಎಮ್ಮಿ ಹಾಲು.
ಸಂಜಿಮುಂದ ಹೆಸರಬ್ಯಾಳಿ ಜೋಡಿ ಅನ್ನಕ್ಕ ಹಾಕಿ.
ರಾತ್ರಿ ನಾವು ಒಲಿಬೂದ್ಯಾಗ ಹುಗದದ್ದು ತಿನ್ನೂವಾಗ
ಕೈಯಾಂದ ಕಸಗೊಂಡು ತಿಂತಾಳ, ಮಾರೆಲ್ಲಾ ಮಸಿ ಮಾಡಿಕೊಂಡು."

ಗ್ವಾಡಿ ಮ್ಯಾಲಿನ ಚಾರ್ಟ್ ನೋಡಿದೆ.
ಗಜ್ಜರಿ ಇತ್ತು, ಪಪ್ಪಾಯಿ ಇತ್ತು, ನಗೂ ಟೊಮ್ಯಾಟೊ ಇತ್ತು.
ಊರ ಸುತ್ತಲಿನ ಕೆಂಪು ಹೊಲದಾಗ ಬಳ್ಳಿ ಹೊತಗೊಂಡು ಮಲಗಿದ್ದಕ್ಕ
ಜಾಗಾ ಇರಲಿಲ್ಲ.
ಏಕಾದಶಿ ಉಪಾಸದಾಗ ದೇವರು ಒಪ್ಪಿದ್ದನ್ನ,
ಹೂರಣ ಮಾಡಿ ಅತ್ತಿ ಹೋಳಿಗಿ ತಟ್ಟಿದ್ದನ್ನ
ಚಾರ್ಟ್ ಒಪ್ಪಿರಲಿಲ್ಲ.

ತರಬೇತ್ಯಾಗ ಬರಕೊಂಡದ್ದು ಹೇಳಿದೆ:
ಒಳಗ ಕೇಸರಿ ಇದ್ದರ ಕಣ್ಣಿಗೆ ಭಾಳ ಛಲೋ.
ನಮ್ಮದು ಹೊರಗ ಕೆಂಪ, ಒಳಗ ಬಿಳಿ,
ಹೊಟ್ಟಿಗೆ ನಾರು, ಮೈಗೆ ಕಸುವು ಕೊಡತೈತಿ,
ಕಣ್ಣಿನ ಲೆಕ್ಕ ಕಡಿಮಿ. ಅದಕ್ಕ ಎಳಿ ತಪ್ಪಲಾನೂ
ಬ್ಯಾಳ್ಯಾಗ ಹಾಕಿ ಪಲ್ಯಾ ಮಾಡು.
ಯಲ್ಲೂಬಾಯಿ ನಕ್ಕಳು. "ತಪ್ಪಲಾ ಎಮ್ಮಿ ತಿಂತೈತ್ರಿ."
ನಾನೂ ಎಂದೂ ತಿಂದಿರಲಿಲ್ಲ. ಹೇಳಲಿಲ್ಲ.

ಅಷ್ಟರಾಗ ಪರಶುರಾಮ ಮುತಗೇಕರ ಗಾಡಿ ನಿಲ್ಲಿಸಿ
ಹೊಸ್ತಿಲಕ್ಕ ಚೀಲಾ ಇಳಿಸಿದ.
"ಹುಡುಗರಿಗೆ. ಹತ್ತು ಕೇಜಿ. ಮಾರ್ಕೆಟ್ಟಿಗೆ ಹೊಂಟಿದ್ದರಾಗಿಂದು."
ಹಸೀ ಮಣ್ಣಿನ ವಾಸನಿ.
ಒಂದು ಗೆಣಸು ಬಾತುಕೋಳಿಹಂಗ ಕುತಗಿ ಚಾಚಿತ್ತು.
ಮಲಪ್ರಭಾಗ ಏನ ತಿಳೀತೋ, ಚೀಲಾ ಕೊಕ್ಕಿಗೆ ಹಾಕಿಬಿಟ್ಟಳು.
ಒಂಬತ್ತು ಕೇಜಿ ಆರು ನೂರು.

"ದಾನದಾಗೂ ಹೊಡಿತೀರೇನ್ರೀ?"

ಮುತಗೇಕರನ ಮಾರಿ ಗೆಣಸಿನ ಸಿಪ್ಪಿ ಆತು.
ಮಾತಾಡದ ಗಾಡಿ ಹತ್ತಿದ.
ಕಾಲು ತಾಸಿನ್ಯಾಗ ತಿರುಗಿ ಬಂದ,
ಸರ್ಕಾರದ ಮುದ್ರಿ ಒತ್ತಿದ ಐದು ಕೇಜಿ ಕಲ್ಲು
ಕೂಸಿನಹಂಗ ಎದಿಗೆ ಅವಚಿಕೊಂಡು.
ತಾನೇ ತೂಗಹಾಕಿದ.
ನಾಲ್ಕು ಕೇಜಿ ಆರು ನೂರು.

ಯಾರೂ ಮಾತಾಡಲಿಲ್ಲ.
ಕೂಸುಗಳೂ.

ಎಷ್ಟು ತಿಂಗಳಿಂದ ಸ್ಪ್ರಿಂಗ್ ಸುಳ್ಳು ಹೇಳತಿತ್ತೋ.
ಖಾಲಿ ಇದ್ದಾಗ ಮಾತ್ರ ಬರೋಬ್ಬರಿ ಸೊನ್ನಿ ತೋರಸತಿತ್ತು,
ಸಂಭಾವಿತರಹಂಗ.
ಕೆಂಪು ಪೆನ್ನು ತಗೊಂಡು ಹದಿನೇಳು ಹೆಸರಿನ ಮುಂದ
ನಾಲ್ಕು ನೂರು, ನಾಲ್ಕು ನೂರು ಕೂಡಿಸಿಕೋತ ಹ್ವಾದೆ.
ಸಮೃದ್ಧಿ ಚುಕ್ಕಿ ಹಳದಿ ದಾಟಿ ಹಸರಿಗೆ ಬಂತು,
ಅಂಚಿಗೆ, ಹೊಸ್ತಿಲ ಮ್ಯಾಲ ಕುಂತಾಂಗ.

ಯಲ್ಲೂಬಾಯಿ ನಗತಾಳಂತ ತಿಳಿದಿದ್ದೆ.
"ಮೂರು ತಿಂಗಳು ಅತ್ತಿ ಕಡೆ ಅನಿಸಿಕೊಂಡೀನಿ,
ನಿನ್ನ ಕೈಯಾಗ ಸತ್ವ ಇಲ್ಲಂತ," ಅಂದಳು.
"ನಾ ಉಣಿಸಿದ್ದೆಲ್ಲಾ ಇಷ್ಟು ದಿನಾ ಎಲ್ಲಿಗೆ ಹೋಗಿತ್ರೀ?"
ನಾನು ಪೆನ್ನಿನ ಟೊಪ್ಪಿಗಿ ಹುಡುಕಿದೆ.

ದತ್ತೂ, ಆಯೇಶಾ
ನಾಲ್ಕು ನೂರು ಕೂಡಿಸಿದರೂ ಹಳದ್ಯಾಗ ಉಳಿದರು.
ಎಲ್ಲಾ ತಪ್ಪೂ ತಕ್ಕಡೀದ ಇರೂದಿಲ್ಲ.

ಮಲಪ್ರಭಾ ದೊಡ್ಡ ಬೋಗುಣಿ ಇಟ್ಟಳು.
ಸಿಪ್ಪಿ ಸಮೇತ ಗೆಣಸು, ತಳಕ್ಕ ತುಸು ನೀರು, ಮ್ಯಾಲ ಒದ್ದಿ ಅರಿವಿ.
ತಪ್ಪಾತು ಅಂತ ಮುತಗೇಕರಗ ಬಾಯಿಬಿಟ್ಟು ಹೇಳಲಿಲ್ಲ,
ಬಾತುಕೋಳಿ ಕುತಗೀದು ಹುಡುಕಿ ತಗದು
ಮೊದಲು ಅವಗ ಕೊಟ್ಟಳು.
ಅವ ಊದಿ ಊದಿ ಆರಿಸೂದರಾಗ
ಸಮೃದ್ಧಿ ಕೈಯಾಂದ ಕಸಗೊಂಡಳು.

ಅವತ್ತು ರಾತ್ರಿ ಎಳಿ ತಪ್ಪಲಾ ತಂದು
ಬಳ್ಳೊಳ್ಳಿ ಜಜ್ಜಿ ಹಾಕಿ ಹುರಿದೆ, ರೊಟ್ಟಿಗೆ ಹಚ್ಚಿಕೊಂಡೆ.
ಎಮ್ಮಿ ಇಷ್ಟು ವರ್ಷ
ನಮಗ ಹೇಳಿರಲಿಲ್ಲ.