ಫರಸಿ ಇನ್ನೂ ಆರಿಲ್ಲ

ಹೊತ್ತು ಮುಳುಗಿ ಮೂರು ತಾಸಾತು.
ನಾಕು ಕೊಡ ನೀರು ಸುರುವಿದ್ರೂ
ಮಾಳಿಗಿ ಫರಸಿ ಬೆನ್ನು ಸುಡ್ತದ.
ಶಹಾಬಾದದಾಗ ಮೇ ತಿಂಗಳಂದ್ರ ಹಿಂಗ:
ಸೂರ್ಯ ಹೋದ್ರೂ ಅವನ ಬಾಕಿ
ಕಲ್ಲು ತೀರಸ್ತಿರ್ತದ.

ಕರೆಂಟ್ ಹೋಗ್ಯದ. ಗೋಡಿ ಆಚೆಯಿಂದ ಇಫ್ಫತ್ ಕೇಳ್ತಾಳ:
"ಭೀಮಶಾ ಚಾಚಾ, ಈ ಕಾಣೋ ಚುಕ್ಕಿ ಎಲ್ಲಾ
ಯಾವಾಗೋ ಸತ್ತಾವಂತ, ಖರೆ ಏನು?
ಮೊಬೈಲ್‌ದಾಗ ಹೇಳಿದ್ರು."

ನಾ ಮಾಸ್ತರ ಅಲ್ಲ.
ಕಾಲೇಜಿನ ಲ್ಯಾಬಿಗೆ ಮೂವತ್ತೊಂದು ವರ್ಷ
ಕೀಲಿ ತೆಗೆದವ, ಲೆನ್ಸ್ ಒರೆಸಿದವ,
ಬಾಗಿಲ ಹೊರಗ ಸ್ಟೂಲ್ ಮ್ಯಾಲ ಕುಂತು
ಒಂದೇ ಪಾಠ ಮೂವತ್ತೊಂದು ಸಲ ಕೇಳಿದವ.
ಪರೀಕ್ಷೆಗೆ ಮಾತ್ರ ಯಾರೂ ಕೂಡಿಸಲಿಲ್ಲ.

"ಸುಳ್ಳು," ಅಂದೆ. "ಬರಿಗಣ್ಣಿಗೆ ಕಾಣೋವು
ಹೆಚ್ಚುಕಡಿಮಿ ಎಲ್ಲಾ ಜೀವಂತ ಅವ.
ಸಾಯೂದು ಅಷ್ಟು ಹಗುರ ಅಲ್ಲ ಅವಕ್ಕ."

ಹುಟ್ಟೂದು ಥಂಡಿಯೊಳಗ, ಕತ್ತಲಿನೊಳಗ.
ಬೆಚ್ಚಗಿದ್ದ ಹೊಗಿ ಚದುರ್ತದ;
ತಣ್ಣಗಾದದ್ದು ತನ್ನ ಭಾರಕ್ಕ ತಾನೇ ಕುಸೀತದ,
ಕುಸೀತ ಕುಸೀತ ನಡುವಿಗೆ ಕಾವು ಏರಿ
ಒಂದು ದಿನ ಒಲಿ ಹೊತ್ತತದ.
ಆಮ್ಯಾಲಿನ ಬಾಳೆಲ್ಲ ಒಂದೇ ಜಗಳ:
ಭಾರ ಒಳಗ ಒತ್ತತದ, ಬೆಂಕಿ ಹೊರಗ ನೂಕತದ.
ಇಬ್ಬರೂ ಸೋಲದಿದ್ರ ಅದಕ್ಕ ನಾವು
ಬೆಳಕು ಅಂತೀವಿ.

ನಮ್ಮವ್ವ ಸಾಬವ್ವ ಸುಣ್ಣದ ಭಟ್ಟಿ ಕಾದವಳು.
"ದೊಡ್ಡ ಭಟ್ಟಿಗಿ ಹಸಿವೂ ದೊಡ್ಡದು," ಅಂತಿದ್ದಳು.
ಸರ್ ಬೋರ್ಡ್ ತುಂಬ ಬರೆದದ್ದೂ ಅದನ್ನೇ:
ಧಡೂತಿ ಚುಕ್ಕಿ ಬೇಗ ತೀರ್ತದ.

ಅಲ್ಲಿ ನೋಡು, ಸಿಮೆಂಟ್ ಫ್ಯಾಕ್ಟರಿ ಚಿಮಣಿ ಮ್ಯಾಲ
ಕೆಂಪಗ ಒಂದು. ಜ್ಯೇಷ್ಠಾ.
ಹೆಸರಿಗಿ ಹಿರೇಳು. ವಯಸ್ಸಿಗಿ
ನಮ್ಮ ಸೂರ್ಯನ ಮುಂದ ತೊಟ್ಟಿಲ ಕೂಸು.
ಆದ್ರ ಸಾಯೋ ಪಾಳಿ ಮೊದಲು ಅದರದು.
ಒಳಗ ಒಂದರ ಬೂದಿ ಇನ್ನೊಂದಕ್ಕ ಉರುವಲಾಗಿ
ಕಡೀಕ ಕಬ್ಬಿಣ ಬರ್ತದ.
ಕಬ್ಬಿಣ ಕಾವು ಕೊಡೂದಿಲ್ಲ, ಬೇಡ್ತದ.
ಕಣ್ಣು ಪಿಳುಕಿಸೂದರಾಗ ನಡು ಕುಸೀತದ,
ಮೈ ಸಿಡೀತದ.

ಸೂರ್ಯನ ಗತಿ ಬ್ಯಾರೆ. ಉಬ್ತಾನ, ಅಂಗಿ ಕಳಚ್ತಾನ,
ಬಿಳೇ ಕೆಂಡ ಆಗಿ ಉಳೀತಾನ.
ಉರಿ ಇಲ್ಲ, ಬರೇ ಕಾವು,
ಈ ಫರಸಿ ಇದ್ದಂಗ. ಪೂರಾ ಆರಲಿಕ್ಕ ಬೇಕಾದಷ್ಟು ರಾತ್ರಿ
ಜಗತ್ತಿಗಿ ಇನ್ನೂ ಆಗೇ ಇಲ್ಲ.

ಇನ್ನ ಸಣ್ಣ ಕೆಂಪು ಚುಕ್ಕಿ, ನಮ್ಮ ಕಣ್ಣಿಗಿ ಕಾಣದವು,
ಬೂದಿ ಮುಚ್ಚಿದ ಕುಳ್ಳಿನ ಕೆಂಡದಂಥವು,
ಅವುಗಳೊಳಗ ವಯಸ್ಸಾಗಿ ಸತ್ತದ್ದು
ಇಲ್ಲೀತನಕ ಒಂದೂ ಇಲ್ಲ.
ಇದನ್ನ ಮೊದಲ ಸಲ ಕೇಳಿದ ದಿನ
ನಾ ಸ್ಟೂಲ್ ಬಿಟ್ಟು ಎದ್ದು ನಿಂತಿದ್ದೆ.

"ಸಿಡಿದದ್ದು ಎಲ್ಲಿ ಹೋಗ್ತದ, ಚಾಚಾ?"

ಫರಸಿ ತಟ್ಟಿ ತೋರಿಸಿದೆ.
ಸುಣ್ಣದ ಕಲ್ಲಿದು. ಇದರೊಳಗಿನ ಸುಣ್ಣ
ಯಾವ ಯಾವ ಚುಕ್ಕಿ ಸಿಡಿದದ್ದೋ,
ಹಳೇ ಕಡಲಿನ ತಳಕ್ಕ ಇಳಿದು
ಪದರು ಪದರಾಗಿ ಕುಂತಿತ್ತು.
ನಮ್ಮವ್ವ ಅದನ್ನ ಮತ್ತ ಸುಟ್ಟಳು,
ಎಲಿಗಿ ಹಚ್ಚಿ ಮೆದ್ದಳು,
ಹೆಚ್ಚಾಗಿ ಬಾಯಿ ಸುಟ್ಟಾಗ ನಕ್ಕಳು.
ಮಣ್ಣಿಗಿಟ್ಟಾಗ ಅವಳ ಎಲುಬಿನೊಳಗೂ
ಅದೇ ಇತ್ತು.
ಈ ಕಡೀ ಮಾತು ಹುಡುಗಿಗಿ ಹೇಳಲಿಲ್ಲ.

ಕರೆಂಟ್ ಬಂತು. ಬೀದಿ ದೀಪ ಅರ್ಧ ಆಕಾಶ ಒರೆಸಿತು.
ಇಫ್ಫತ್ ಫ್ಯಾನಿನ ಕಡೆ ಓಡಿದಳು.
ನಾ ಐದನೇ ಕೊಡ ಸುರುವಿದೆ.
ಫರಸಿ ಛೊಂಯ್ ಅಂತು.