ಎರಡು ತಿರುವು ಕೆಳಗೆ

ತಕ್ಕಡಿಗಳಿಗೆ ಮುದ್ರೆ ಒತ್ತುವುದು ನನ್ನ ಕಸುಬು.
ಬುಧವಾರದ ಸಂತೆಯಲ್ಲಿ ನಮ್ಮ ಜೀಪು ಕಂಡರೆ
ಒಣಮೆಣಸಿನಕಾಯಿ ತೂಗುವವರು
ಬಟ್ಟಿನ ತಳ ಒರೆಸಿಕೊಳ್ಳುತ್ತಾರೆ.
ಕಿಲೋಗೆ ಇಷ್ಟು ಗ್ರಾಂ ಆಚೀಚೆ ಆದರೆ ಕಾನೂನು ಕ್ಷಮಿಸುತ್ತದೆ.
ಅದರಾಚೆ ದಂಡ, ರಸೀತಿ, ಜಪ್ತಿ.

ಭಾನುವಾರ ಮಾತ್ರ ನಾನೇ ತಟ್ಟೆಯಲ್ಲಿ ಕೂತ ಸರಕು.
ಎಡತೋಳಿನ ಹಿಂಬದಿಗೆ ಐದು ರೂಪಾಯಿ ನಾಣ್ಯದಗಲದ ಬಿಳಿ ಬಿಲ್ಲೆ,
ಚರ್ಮದೊಳಗೆ ಕೂದಲೆಳೆಯಷ್ಟು ತಂತು,
ಸೈಕಲ್ ಹ್ಯಾಂಡಲ್ಲಿಗೆ ಕಟ್ಟಿದ ಫೋನಿನಲ್ಲಿ
ಒಂದು ಸಂಖ್ಯೆ, ಅದರ ಮಗ್ಗುಲಿಗೊಂದು ಬಾಣ.

ಕೈಮರದ ಚೆಕ್‌ಪೋಸ್ಟಿನಲ್ಲಿ ನೂರ ಅರವತ್ತೆಂಟು.
ಗೇಟಿನ ರುದ್ರಯ್ಯ ‘ಬಂದ್ರಾ ಸಾರ್,
ಸಕ್ಕರೆ ಕರಗ್ಸಕ್ಕೆ?’ ಅಂದ.
ಕರಗಿಸಲಿಕ್ಕಲ್ಲ ಮಾರಾಯ, ಲೆಕ್ಕ ತಪ್ಪದ ಹಾಗೆ ಖರ್ಚು ಮಾಡಲಿಕ್ಕೆ
ಅನ್ನಬೇಕೆಂದುಕೊಂಡೆ. ಆಗಲೇ ಏರು ಶುರುವಾಗಿತ್ತು,
ಮಾತಿಗೆ ಉಸಿರಿರಲಿಲ್ಲ.

ಮೊದಲ ತಿರುವು. ನೂರ ಐವತ್ತೊಂದು.
ಗೇರ್ ಇಳಿಸಿದೆ. ತೊಡೆಗಳು ಸಾಲ ಕೇಳುತ್ತಿದ್ದವು,
ರಕ್ತ ಕೊಡುತ್ತಿತ್ತು, ಬರೆದಿಡದೆ.
ಮೂರನೆಯದು. ನಾಲ್ಕನೆಯದು.
ಐದರಲ್ಲಿ ತೊಂಬತ್ತೇಳು, ಬಾಣ ಕೊಂಚವೇ ವಾಲಿದೆ,
ಕುರ್ಚಿಯಲ್ಲಿ ತೂಕಡಿಸುವ ಗುಮಾಸ್ತನ ಹಾಗೆ.

ಆದರೆ ತುಟಿ ನನ್ನದಾಗಿರಲಿಲ್ಲ.
ಮೈಲಿಗಲ್ಲಿನ ಮೇಲೆ ಎರಡು ಮೈಲಿಗಲ್ಲು.
ಕತ್ತಿನ ಹಿಂದೆ ಬೇರೆ ಥರದ ಬೆವರು, ತಣ್ಣಗಿನದು,
ಮೂವತ್ತೊಂದು ವರ್ಷದಿಂದ ನನಗೆ ಪರಿಚಯ ಇರುವಂಥದು.
ಸೈಕಲ್ಲನ್ನು ತಡೆಗೋಡೆಗೆ ಒರಗಿಸಿ
ಬೆರಳು ಒರೆಸಿ, ಚುಚ್ಚಿ, ಹಿಂಡಿದೆ.

ಬಿಲ್ಲೆ: ತೊಂಬತ್ತೇಳು.
ಹನಿ: ಅರವತ್ತೊಂದು.

ಕಾನೂನಿನ ಪ್ರಕಾರ ಜಪ್ತಿ ಮಾಡಬೇಕು.

ಗ್ಲೂಕೋಸ್ ಪೊಟ್ಟಣವನ್ನು ಹಲ್ಲಲ್ಲೇ ಹರಿದೆ, ಅರ್ಧ ಗಡ್ಡಕ್ಕೆ.
ಹದಿನೈದು ನಿಮಿಷ ಏನೂ ಮಾಡಬಾರದು.
ಕಾಲು ಇಳಿಬಿಟ್ಟು ಕೆಳಗೆ ನೋಡುತ್ತ ಕೂತೆ.
ನಾನು ಹತ್ತಿ ಬಂದ ರಸ್ತೆ ಬಿಚ್ಚಿದ ಸೊಂಟಪಟ್ಟಿಯಂತೆ ಬಿದ್ದಿತ್ತು.
ಎರಡು ತಿರುವು ಕೆಳಗೆ ಒಂದು ಹಾಲಿನ ವ್ಯಾನು
ಹಾರನ್ ಹೊಡೆಯುತ್ತ ಯಾರಿಗೋ ದಾರಿ ಬಿಟ್ಟಿತು.
ಅಲ್ಲಿ ಯಾರೂ ಇರಲಿಲ್ಲ.
ಆಗ ಕಂಡಿತು: ಅಲ್ಲಿ ಏರುತ್ತಿರುವುದು ನನ್ನ ಸಂಖ್ಯೆ,
ಏದುಸಿರು ಬಿಡುತ್ತ, ಪ್ರಾಮಾಣಿಕವಾಗಿ,
ನಾನು ಹತ್ತು ನಿಮಿಷದ ಹಿಂದೆ ಇದ್ದಲ್ಲಿ.

ಪಾಪ, ಅದು ಮುಟ್ಟುವುದು ರಕ್ತವನ್ನಲ್ಲ,
ರಕ್ತದಿಂದ ಒಸರಿ ಜೀವಕೋಶಗಳ ನಡುವೆ ನಿಂತ ನೀರನ್ನು.
ಹೊಳೆಯ ಮಟ್ಟ ಎಷ್ಟೆಂದು ಕೇಳಿದರೆ
ದಡದ ಬಾವಿಗೆ ಇಣುಕಿ ಹೇಳುವ ಸಾಕ್ಷಿ.
ಹೊಳೆ ಸುಮ್ಮನಿದ್ದ ದಿನ ಎರಡೂ ಒಂದೇ.
ಕಚೇರಿಯಲ್ಲಿ ಕಡತ ತಿರುವುವಾಗ ಅದರ ಮಾತು ಅಕ್ಷರಶಃ ನಿಜ.

ಮತ್ತೆ ಚುಚ್ಚಿದೆ: ತೊಂಬತ್ತೆರಡು. ತುಟಿ ವಾಪಸು ಬಂತು.
ಸರಿಯಾಗಿ ಆಗಲೇ ಬಿಲ್ಲೆ ಕಿರುಚಲು ಶುರು ಮಾಡಿತು.
ಎಪ್ಪತ್ತು. ಅರವತ್ತಾರು. ಬಾಣ ನೆಟ್ಟಗೆ ಪಾತಾಳಕ್ಕೆ.
ಫೋನಿಗೆ ಅಕ್ಕನ ಮಗಳು ಧಾರಿಣಿ, ಜ್ಯೋತಿನಗರದಿಂದ,
ಅವಳ ಪರದೆಯಲ್ಲೂ ನಾನು ಕೆಂಪಾಗಿದ್ದೆ:
‘ಮಾಮ! ಅರವತ್ತಾರು! ಏನಾದ್ರೂ ತಿನ್ನು!’
‘ತಿಂದಾಯ್ತು ಕಣೇ. ನಾನು ಆರಾಮ.
ಅದು ಈಗ ನಾನು ಕುಸಿದ ಜಾಗಕ್ಕೆ ಬಂದಿದೆ.’
‘ಯಾವ್ದು?’
ನೆಟ್‌ವರ್ಕ್ ಹೋಯಿತು.

ಮುಂದಿನ ಆರು ತಿರುವು ಬೆರಳನ್ನೇ ನಂಬಿ ಹತ್ತಿದೆ.
ಒಮ್ಮೆ ನಿಂತು, ಅದು ಬರಲೆಂದು ಕಾದೆ ಕೂಡ.

ಬುಧವಾರ. ಬೆಳ್ಳುಳ್ಳಿ ಮಾರುವ ಕೆಂಚಮ್ಮಣ್ಣಿಯ ತಕ್ಕಡಿ.
ಮುಳ್ಳು ತೂಗಾಡುತ್ತಿತ್ತು. ನನ್ನ ಸಹಾಯಕ ಆಗಲೇ
ರಸೀತಿ ಪುಸ್ತಕ ತೆರೆದಿದ್ದ.
‘ನಿಂತ್ಕಳಕ್ಕೆ ಬಿಡಿ ಸಾಮಿ ಒಸಿ ಹೊತ್ತು,’ ಅಂದಳು.
ಬಿಟ್ಟೆ. ಎಷ್ಟೋ ಹೊತ್ತು ಬಿಟ್ಟೆ,
ಹಿಂದಿನ ಗಿರಾಕಿಗಳು ಗೊಣಗುವಷ್ಟು.
ನಿಂತಿತು. ಸರಿಯಿತ್ತು.
ಮುದ್ರೆ ಒತ್ತುವಾಗ ನನ್ನ ಬೆರಳ ತುದಿಯ
ಕಪ್ಪು ಚುಕ್ಕೆಗಳನ್ನು ನೋಡಿ
‘ಇದೇನು ಸಾಮಿ?’ ಅಂದಳು.
‘ಇದೂ ಮುದ್ರೆಯೇ,’ ಅಂದೆ.